ಪತ್ತೇದಾರನ ಬೆನ್ನು ಹತ್ತಿ ಬಂದ ಓದುಗರು

ಓದುವವರು ಕಡಿಮೆಯಾಗುತ್ತಿದ್ದಾರೆ ಎಂಬ ಮಾತು ಕನ್ನಡದ ಸಭೆ ಸಮಾರಂಭಗಳಲ್ಲಿ ಸ್ವಾಗತ ಭಾಷಣದಷ್ಟೇ ಕಡ್ಡಾಯವಾಗಿಬಿಟ್ಟಿದೆ. ಮಕ್ಕಳ ಕೈಯಲ್ಲಿ ಮೊಬೈಲ್, ದೊಡ್ಡವರ ಕಣ್ಣೆದುರು ಟಿ.ವಿ., ಇನ್ನು ಪುಸ್ತಕ ಯಾರಿಗೆ ಬೇಕು ಎಂದು ಭಾಷಣಕಾರರು ನಿಟ್ಟುಸಿರು ಬಿಡುತ್ತಾರೆ. ಆದರೆ ಹಿಂದೆ ಇದ್ದ ಓದುಗರು ಎಲ್ಲಿಂದ ಬಂದಿದ್ದರು, ಅವರನ್ನು ಪುಸ್ತಕದ ಬಳಿಗೆ ಕರೆತಂದವರು ಯಾರು ಎಂಬ ಪ್ರಶ್ನೆಯನ್ನು ಅವರು ಎತ್ತುವುದಿಲ್ಲ. ಎತ್ತಿದರೆ ಉತ್ತರ ಸ್ವಲ್ಪ ಮುಜುಗರದ್ದು. ಕನ್ನಡಿಗರಲ್ಲಿ ಬಹಳಷ್ಟು ಮಂದಿಗೆ ಪುಸ್ತಕದ ಚಟ ಹತ್ತಿಸಿದ್ದು ಮಹಾಕವಿಗಳಲ್ಲ. ಕಳ್ಳರು, ಕೊಲೆಗಾರರು, ದೆವ್ವಗಳು ಮತ್ತು ಅವರ ಬೆನ್ನು ಹತ್ತಿದ ಪತ್ತೇದಾರರು.

ಇಂದು ಕರ್ನಾಟಕದ ಮೂಲೆ ಮೂಲೆಯಲ್ಲಿ ಹಾರುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿ. ಕನ್ನಡ ಚಳವಳಿಯ ಸೇನಾನಿ ಎಂದು ಅವರನ್ನು ನೆನೆಯುವವರು ಬಹಳ. ಆದರೆ ಅವರು ಪತ್ತೇದಾರಿ ಕಾದಂಬರಿಗಳನ್ನು ಸಾಲು ಸಾಲಾಗಿ ಬರೆದವರು ಎಂಬುದನ್ನು ನವೆಂಬರ್ ಒಂದರ ಭಾಷಣಗಳಲ್ಲಿ ಯಾರಾದರೂ ಹೇಳಿದ್ದು ನನಗೆ ನೆನಪಿಲ್ಲ. 1967ರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಗಂಡು ಮಕ್ಕಳೊಂದಿಗೆ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಕನ್ನಡ ಮಾತನಾಡಲು ಜನ ಹಿಂಜರಿಯುತ್ತಿದ್ದ ಕಾಲದಲ್ಲಿ ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈಯಲ್ಲಿ ಪತ್ತೇದಾರಿ ಕಾದಂಬರಿ ಹಿಡಿದಿದ್ದ ಮನುಷ್ಯ ಅವರು. ಇವೆರಡೂ ಒಂದೇ ಕೆಲಸದ ಎರಡು ಮುಖಗಳು ಎಂದು ಭಾವಿಸುವುದರಲ್ಲಿ ತಪ್ಪೇನಿದೆ?

ಕಥೆ ಇನ್ನೂ ಹಿಂದಿನದು. ಬಿ. ವೆಂಕಟಾಚಾರ್ಯರು (1845-1914) ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಒಂದರ ಮೇಲೊಂದು ಕನ್ನಡಕ್ಕೆ ತಂದರು. ಅವರ ಪುಸ್ತಕ ಓದುವುದಕ್ಕಾಗಿಯೇ ಕನ್ನಡ ಕಲಿತವರಿದ್ದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869-1942) ತಾವೇ ಬರೆದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಸಾಹಸ, ಪ್ರೇಮ, ಒಳಸಂಚು, ಮುಂದೇನಾಯಿತು ಎಂಬ ಕುತೂಹಲ, ಇವು ಅವರ ಬಂಡವಾಳ. ಕನ್ನಡದಲ್ಲಿ ಕಾದಂಬರಿ ಓದುವ ಒಂದು ಸಮುದಾಯ ಹುಟ್ಟಿದ್ದು ಈ ಬಂಡವಾಳದಿಂದ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಐತಿಹಾಸಿಕ ಕಾದಂಬರಿಗಳಲ್ಲಿ ಖಳನಾಯಕ ಬೇಕಾದಾಗ ಬಹಳ ಸಲ ಕೈಗೆ ಸಿಕ್ಕವನು ಮುಸ್ಲಿಂ ದೊರೆ ಅಥವಾ ಸರದಾರ. ಬಂಕಿಮರಲ್ಲಿಯೂ ಅದು ಇದೆ, ಅವರ ದಾರಿ ಹಿಡಿದವರಲ್ಲಿಯೂ ಇದೆ. ಕಥೆಯ ರುಚಿಯ ಜೊತೆಗೆ ಈ ಚಿತ್ರವೂ ಓದುಗರ ಮನಸ್ಸಿಗೆ ಇಳಿಯಿತು. ಹಾಗೆಂದು ಅಂಥ ಪುಸ್ತಕಗಳಿಂದ ದೂರವಿರಿ ಎನ್ನುವುದು ಪರಿಹಾರವಲ್ಲ. ಉರ್ದುವಿನಲ್ಲಿ ಅಬ್ದುಲ್ ಹಲೀಮ್ ಶರರ್ ಮಾಡಿದ್ದನ್ನು ನೋಡಿ. ಇಂಗ್ಲಿಷಿನ ವಾಲ್ಟರ್ ಸ್ಕಾಟ್ ಧರ್ಮಯುದ್ಧಗಳ ಕುರಿತು ಬರೆದ 'ಟ್ಯಾಲಿಸ್‌ಮನ್' ಓದಿ ಅವರಿಗೆ ಸಿಟ್ಟು ಬಂತು. ಮುಸ್ಲಿಮರನ್ನು ಹೀಗೆ ಚಿತ್ರಿಸುವುದೇ ಎಂದು ಅವರು ಪ್ರತಿಭಟನೆಯ ಕರಪತ್ರ ಹಂಚಲಿಲ್ಲ. ಅದೇ ಯುದ್ಧಗಳ ಬಗ್ಗೆ ಇನ್ನೊಂದು ಕಡೆಯಿಂದ 'ಮಲಿಕುಲ್ ಅಝೀಝ್ ವರ್ಜಿನಾ' ಎಂಬ ಕಾದಂಬರಿ ಬರೆದರು, 1888ರಲ್ಲಿ. ಸ್ಕಾಟ್‌ನನ್ನು ಅವರು ಪೂರ್ತಿ ಓದಿದ್ದರಿಂದಲೇ ಅದು ಸಾಧ್ಯವಾಯಿತು.

ಪತ್ತೇದಾರಿ ಕಾದಂಬರಿಯನ್ನು ಕನ್ನಡದ ಮನೆಮಾತು ಮಾಡಿದವರು ಎನ್. ನರಸಿಂಹಯ್ಯ. ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿಗಳು. ಅವರ ಪತ್ತೇದಾರ ಪುರುಷೋತ್ತಮ 1950ರ ದಶಕದಿಂದ ಎರಡು ತಲೆಮಾರುಗಳನ್ನು ನಿದ್ದೆಗೆಡಿಸಿದ. ಅಗ್ಗದ ಕಾಗದ, ಕಣ್ಣು ಕುಕ್ಕುವ ಬಣ್ಣದ ಮುಖಪುಟ, ಜೇಬಿಗೆ ಹಗುರವಾದ ಬೆಲೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡರೆ ಊರು ತಲುಪುವ ಹೊತ್ತಿಗೆ ಕೊಲೆಗಾರ ಸಿಕ್ಕಿಬೀಳುತ್ತಿದ್ದ. ಭಾಷೆ ಸರಳ, ವಾಕ್ಯ ಚಿಕ್ಕದು. ಕಡಿಮೆ ಓದಿದವರು ಯಾರ ಸಹಾಯವೂ ಇಲ್ಲದೆ ಒಂದು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮುಗಿಸಬಹುದಿತ್ತು. ಅಕ್ಷರ ಕಲಿತ ಮನುಷ್ಯನಿಗೆ ಇದೆಂಥ ಸಂತೋಷ ಎಂಬುದು ಪದವಿಗಳ ಮೇಲೆ ಪದವಿ ಪಡೆದವರಿಗೆ ಅಷ್ಟು ಬೇಗ ಹೊಳೆಯುವುದಿಲ್ಲ. ನರಸಿಂಹಯ್ಯನವರು 2011ರಲ್ಲಿ ನಿಧನರಾದರು. ಸಾಹಿತ್ಯ ಚರಿತ್ರೆಯ ದಪ್ಪ ಸಂಪುಟಗಳಲ್ಲಿ ಅವರಿಗೆ ಸಿಕ್ಕ ಜಾಗವನ್ನು ಹುಡುಕಲು ಪುರುಷೋತ್ತಮನೇ ಬರಬೇಕು.

ಟಿ.ಕೆ. ರಾಮರಾವ್ ಅವರದು ಇನ್ನೊಂದು ಬಗೆ. ಅವರಲ್ಲಿ ಮಳೆ, ಕಾಡು, ಒಂಟಿ ಬಂಗಲೆ, ಮನುಷ್ಯರ ಮನಸ್ಸಿನ ಕತ್ತಲೆ ಎಲ್ಲವೂ ಕಥೆಯ ಭಾಗ. 'ಕೋವಿ ಕುಂಚ', 'ಸೀಳು ನಕ್ಷತ್ರ' ಓದಿದವರಿಗೆ ಆ ವಾತಾವರಣ ಮರೆಯದು. 1972ರಲ್ಲಿ ತೆರೆಗೆ ಬಂದು ಇತಿಹಾಸ ನಿರ್ಮಿಸಿದ 'ಬಂಗಾರದ ಮನುಷ್ಯ' ಚಿತ್ರ ಇದೇ ರಾಮರಾಯರ ಕಾದಂಬರಿಯಿಂದ ಹುಟ್ಟಿದ್ದು. ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ಬೇಸಾಯ ಮಾಡಿ ಎಂದು ಸರ್ಕಾರದ ಯಾವ ಪ್ರಚಾರವೂ ಹೇಳಲಾಗದ ರೀತಿಯಲ್ಲಿ ಹೇಳಿದ್ದು ಒಬ್ಬ ಪತ್ತೇದಾರಿ ಲೇಖಕ! ತ್ರಿವೇಣಿಯವರ 'ಬೆಳ್ಳಿಮೋಡ' ಮತ್ತು 'ಶರಪಂಜರ', ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ' ಪುಟ್ಟಣ್ಣ ಕಣಗಾಲರ ಚಿತ್ರಗಳಾದವು. ಸಿನಿಮಾ ನೋಡಿದವರು ಪುಸ್ತಕ ಹುಡುಕಿಕೊಂಡು ಹೋದರು, ಪುಸ್ತಕ ಓದಿದವರು ಸಿನಿಮಾ ಟಿಕೆಟಿಗೆ ಸಾಲು ನಿಂತರು.

ಅವರು ಪುಸ್ತಕ ಹುಡುಕಿಕೊಂಡು ಹೋದದ್ದು ಎಲ್ಲಿಗೆ? ಬೆಂಗಳೂರಿನ ದಕ್ಷಿಣ ಭಾಗದ ಮಟ್ಟಿಗೆ ಹೇಳುವುದಾದರೆ, ಬಹುಪಾಲು ಬಾಡಿಗೆ ಲೈಬ್ರರಿಗಳಿಗೆ. ಜಯನಗರ ಹುಟ್ಟಿದ್ದು ಯೋಜನೆಯ ಕೂಸಾಗಿ. 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಶಂಕುಸ್ಥಾಪನೆ ಮಾಡಿದ ಬಡಾವಣೆ ಇದು. ಅದರ ಗುರುತಾಗಿ ಅಶೋಕ ಸ್ತಂಭ ಇಂದಿಗೂ ನಿಂತಿದೆ. ನಂತರದ ದಶಕಗಳಲ್ಲಿ ಬನಶಂಕರಿ, ಜೆ.ಪಿ. ನಗರ ಬೆಳೆದವು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರನ್ನು ಮೂರು ಅಕ್ಷರಕ್ಕೆ ಇಳಿಸಿ ಬಿ.ಟಿ.ಎಂ. ಲೇಔಟ್ ಆಯಿತು. ಬ್ಯಾಂಕು, ಎಲ್.ಐ.ಸಿ., ಸರ್ಕಾರಿ ಕಚೇರಿ, ಸಾರ್ವಜನಿಕ ವಲಯದ ಕಾರ್ಖಾನೆಗಳ ನೌಕರರು ಇಲ್ಲಿ ಮನೆ ಮಾಡಿದರು. ತಿಂಗಳ ಸಂಬಳ, ಎಣಿಕೆಯ ಖರ್ಚು. ಪುಸ್ತಕ ಕೊಳ್ಳುವುದು ದುಬಾರಿ, ಓದುವ ಆಸೆ ಮಾತ್ರ ಧಾರಾಳ.

ಬಾಡಿಗೆ ಲೈಬ್ರರಿ ಎಂದರೆ ಮುಖ್ಯರಸ್ತೆಯ ಬದಿಯ ಒಂದು ಚಿಕ್ಕ ಮಳಿಗೆ. ಗೋಡೆಯುದ್ದಕ್ಕೂ ಕಪಾಟು, ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಲೆಡ್ಜರು, ರಬ್ಬರ್ ಮೊಹರು. ಸ್ವಲ್ಪ ಠೇವಣಿ ಕಟ್ಟಿದರೆ ಸದಸ್ಯತ್ವ. ಪುಸ್ತಕದ ಬೆಲೆಯ ಹತ್ತರಲ್ಲೊಂದು ಭಾಗ ಅಥವಾ ಅಷ್ಟರ ಆಸುಪಾಸಿನ ಬಾಡಿಗೆ. ತಡವಾದರೆ ದಂಡ. ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ, ದಾರದ ಹೊಲಿಗೆ. 'ಸುಧಾ', 'ಪ್ರಜಾಮತ', 'ತರಂಗ'ಗಳಿಂದ ಧಾರಾವಾಹಿಯ ಹಾಳೆಗಳನ್ನು ಕಿತ್ತು ಒಟ್ಟಿಗೆ ಹೊಲಿದ ಸಂಪುಟಗಳೂ ಇರುತ್ತಿದ್ದವು. ಪುಟದ ಅಂಚಿನಲ್ಲಿ ಹಿಂದಿನ ಓದುಗರ ಟಿಪ್ಪಣಿ. ಪತ್ತೇದಾರಿ ಕಾದಂಬರಿಯ ಮೂರನೇ ಪುಟದಲ್ಲಿಯೇ ಕೊಲೆಗಾರನ ಹೆಸರು ಬರೆದಿಡುವ ಪಾಪಿಗಳೂ ಇದ್ದರು. ಕೊನೆಯ ಪುಟ ಹರಿದುಹೋದ ಪುಸ್ತಕ ಮನೆಗೆ ತಂದವರ ಸಂಕಟವನ್ನು ಅನುಭವಿಸಿದವರೇ ಬಲ್ಲರು.

ಈ ಅಂಗಡಿಯವರು ಸಾಹಿತ್ಯ ವಿಮರ್ಶಕರಲ್ಲ. ಆದರೆ ಓದುಗರನ್ನು ಬೆಳೆಸುವ ಕಲೆ ಅವರಿಗೆ ಗೊತ್ತಿತ್ತು. ಸಾಯಿಸುತೆ, ಎಚ್.ಜಿ. ರಾಧಾದೇವಿ, ಉಷಾ ನವರತ್ನರಾಂ ಅವರ ಕಾದಂಬರಿ ಒಯ್ಯುತ್ತಿದ್ದ ಗೃಹಿಣಿಗೆ ಒಂದು ದಿನ, "ಇದನ್ನೂ ನೋಡಿ ಅಮ್ಮಾ, ನಿಮಗೆ ಹಿಡಿಸುತ್ತೆ" ಎಂದು ತ್ರಿವೇಣಿಯನ್ನೋ ಇಂದಿರಾರನ್ನೋ ಕೈಗಿಡುತ್ತಿದ್ದರು. ಯಂಡಮೂರಿ ವೀರೇಂದ್ರನಾಥರ 'ತುಳಸೀದಳ' ಓದಿ ರಾತ್ರಿ ದೀಪ ಆರಿಸಲು ಹೆದರಿದ ಹುಡುಗನಿಗೆ ಮುಂದಿನ ವಾರ ತ.ರಾ.ಸು. ಸಿಗುತ್ತಿದ್ದರು. ಹಿಡಿಸದಿದ್ದರೆ ವಾಪಸು, ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಓದಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಮ್ಮ ಶಿಕ್ಷಣ ತಜ್ಞರು ಕಂಡುಹಿಡಿದದ್ದು ನಾನು ಕಾಣೆ.

ಜಯನಗರಕ್ಕೆ ಅಂಟಿಕೊಂಡಿರುವ ತಿಲಕ್‌ನಗರ, ಬನ್ನೇರುಘಟ್ಟ ರಸ್ತೆಯ ಪಕ್ಕದ ಗುರಪ್ಪನಪಾಳ್ಯಗಳಲ್ಲಿ ಮುಸ್ಲಿಂ ಕುಟುಂಬಗಳು ಹೆಚ್ಚು. ಮನೆಮಾತು ದಖ್ಖನಿ ಉರ್ದು, ಬೀದಿಯ ಮಾತು ಕನ್ನಡ. ಇಲ್ಲಿಯ ಕೆಲವು ಮನೆಗಳಿಗೂ ಕಂದು ಹೊದಿಕೆಯ ಪುಸ್ತಕಗಳು ಹೋದವು. ಉರ್ದು ಮಾಧ್ಯಮದಲ್ಲಿ ಏಳನೇ ತರಗತಿಯವರೆಗೆ ಓದಿದ ಹಿರಿಯ ಮಹಿಳೆಯೊಬ್ಬರು ಈಗಲೂ ಕನ್ನಡ ಪತ್ರಿಕೆಯನ್ನು ಸರಾಗವಾಗಿ ಓದುತ್ತಾರೆ. ಕನ್ನಡ ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಆಪಾ ಎಂದು ಕೇಳಿದೆ. "ಇಸ್ಕೂಲಲ್ಲಿ ಅಲ್ಲಪ್ಪಾ. ಭಾಯಿಜಾನ್ ಲೈಬ್ರರಿಯಿಂದ ತರೋರು, ಅವರು ಮಲಗಿದ ಮೇಲೆ ನಾನು ಓದ್ತಿದ್ದೆ. ಖೂನ್ ಮಾಡಿದ್ದು ಯಾರು ಅಂತ ತಿಳಿಯದೆ ನಿದ್ದೆ ಹೇಗೆ ಬರುತ್ತೆ?" ಎಂದರು. ಅರ್ಥವಾಗದ ಪದ ಬಂದರೆ ಹಾರಿಸಿ ಮುಂದೆ ಹೋಗುತ್ತಿದ್ದರಂತೆ, ಹತ್ತು ಪುಟವಾದ ಮೇಲೆ ಅದೇ ಪದ ಮತ್ತೆ ಬಂದಾಗ ಅರ್ಥವಾಗುತ್ತಿತ್ತಂತೆ. ಭಾಷೆ ಕಲಿಯುವುದೆಂದರೆ ಇದೇ ತಾನೆ?

ಇವರ ಭಾಯಿಜಾನ್ ಕನ್ನಡದ ರಾಮರಾಯರಿಗೆ ಬರುವ ಮೊದಲು ಉರ್ದುವಿನ ಇಬ್ನೆ ಸಫಿಯ ಅಭಿಮಾನಿ. ಈ ಹೆಸರು ಗೊತ್ತಿಲ್ಲದ ಕನ್ನಡ ಓದುಗರಿಗಾಗಿ ನಾಲ್ಕು ಮಾತು. ಇಬ್ನೆ ಸಫಿ (1928-1980) ಅವರ ನಿಜನಾಮ ಅಸ್ರಾರ್ ಅಹ್ಮದ್. ಹುಟ್ಟಿದ್ದು ಅಲಹಾಬಾದಿನ ಹತ್ತಿರದ ನಾರಾ ಎಂಬ ಊರಿನಲ್ಲಿ. ಅಶ್ಲೀಲತೆ ಇಲ್ಲದೆ ಉರ್ದುವಿನಲ್ಲಿ ಜನಪ್ರಿಯ ಪುಸ್ತಕ ಮಾರಾಟವಾಗುವುದಿಲ್ಲ ಎಂದು ಯಾರೋ ವಾದಿಸಿದಾಗ, ಆಗುತ್ತದೆ ಎಂದು ತೋರಿಸಲು ಪತ್ತೇದಾರಿ ಬರವಣಿಗೆಗೆ ಇಳಿದದ್ದಾಗಿ ಅವರೇ ಹೇಳಿಕೊಂಡಿದ್ದಾರೆ. 1952ರಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಲೆ ಆರಂಭವಾಯಿತು. ಅದೇ ವರ್ಷ ಅವರು ಕರಾಚಿಗೆ ಹೋದರು. ಆದರೂ ಪುಸ್ತಕಗಳು ಎರಡೂ ದೇಶಗಳಲ್ಲಿ ಅಚ್ಚಾಗುತ್ತಲೇ ಹೋದವು. ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್ ಮತ್ತು ಪೆದ್ದನಂತೆ ನಟಿಸುವ ಮಹಾ ಚತುರ ಇಮ್ರಾನ್, ಇವರಿಗೆ ಗಡಿ ದಾಟಲು ವೀಸಾ ಬೇಕಾಗಲಿಲ್ಲ. 1960ರಿಂದ ಮೂರು ವರ್ಷ ಮಾನಸಿಕ ಕಾಯಿಲೆಯಿಂದ ಅವರು ಏನನ್ನೂ ಬರೆಯಲಾಗಲಿಲ್ಲ. ಗುಣಮುಖರಾಗಿ ಬರೆದ 'ಡೇಢ್ ಮತ್‌ವಾಲೇ' ಕಾದಂಬರಿಯನ್ನು ಭಾರತದಲ್ಲಿ ಬಿಡುಗಡೆ ಮಾಡಿದವರು ಲಾಲ್ ಬಹಾದುರ್ ಶಾಸ್ತ್ರಿ. ಪುರುಷೋತ್ತಮ ಮತ್ತು ಫರೀದಿ ಒಂದೇ ದಶಕದ ಕೂಸುಗಳು. ಒಬ್ಬನನ್ನು ಓದಿದವರು ಇನ್ನೊಬ್ಬನ ಮನೆಯ ಬಾಗಿಲು ತಟ್ಟುವುದು ಕಷ್ಟವೇನಲ್ಲ. ಬಾಗಿಲು ಯಾವುದು ಎಂದು ತೋರಿಸುವವರು ಬೇಕು, ಅಷ್ಟೆ.

ಕಥೆ ಪುಸ್ತಕ ಹಿಡಿದ ಮಕ್ಕಳನ್ನು ಗದರಿಸುವ ಸಂಪ್ರದಾಯ ಎಲ್ಲ ಸಮುದಾಯಗಳಲ್ಲಿಯೂ ಇದೆ. ನಮ್ಮಲ್ಲಿ ಅದಕ್ಕೊಂದು ಸ್ವಾರಸ್ಯಕರ ಇತಿಹಾಸವಿದೆ. ಡೆಪ್ಯುಟಿ ನಝೀರ್ ಅಹ್ಮದ್ ಉರ್ದು ಕಾದಂಬರಿಯ ಆದಿಪುರುಷರಲ್ಲೊಬ್ಬರು. ತಮ್ಮ ಹೆಣ್ಣು ಮಕ್ಕಳು ಓದಲೆಂದು ಬರೆದ 'ಮಿರಾತುಲ್ ಉರೂಸ್' 1869ರಲ್ಲಿ ಪ್ರಕಟವಾಗಿ, ಸರ್ಕಾರದಿಂದ ಸಾವಿರ ರೂಪಾಯಿ ಬಹುಮಾನ ಪಡೆಯಿತು. ಅವರದೇ ಇನ್ನೊಂದು ಕಾದಂಬರಿ 'ತೌಬತುನ್ ನಸೂಹ್'ನಲ್ಲಿ ಕಾಲರಾದಿಂದ ಬದುಕುಳಿದ ತಂದೆ ಸುಧಾರಣೆಯ ಆವೇಶದಲ್ಲಿ ಹಿರಿಯ ಮಗ ಕಲೀಮ್‌ನ ಪುಸ್ತಕಗಳನ್ನೆಲ್ಲ ಸುಟ್ಟುಹಾಕುತ್ತಾನೆ. ಇದಾಗಿ ಕೆಲವು ದಶಕಗಳ ನಂತರ ಮೌಲಾನಾ ಅಶ್ರಫ್ ಅಲಿ ಥಾನವಿ 'ಬಹಿಷ್ತಿ ಝೇವರ್' ರಚಿಸಿ, ಹೆಣ್ಣು ಮಕ್ಕಳು ಓದಬಾರದ ಪುಸ್ತಕಗಳನ್ನು ಅದರಲ್ಲಿ ಹೆಸರಿಸಿದರು. ಅರೇಬಿಯನ್ ನೈಟ್ಸ್, ಅಮೀರ್ ಹಂಝಾನ ದಾಸ್ತಾನಿನ ಜೊತೆಗೆ ನಝೀರ್ ಅಹ್ಮದರ 'ಮಿರಾತುಲ್ ಉರೂಸ್' ಕೂಡ ಎಚ್ಚರಿಕೆಯ ಸಾಲಿಗೆ ಸೇರಿತು! ಕಾದಂಬರಿಯೊಳಗೆ ಮಗನ ಪುಸ್ತಕಗಳಿಗೆ ಬೆಂಕಿ ಇಡಿಸಿದವರ ಪುಸ್ತಕವೇ ಸಂದೇಹಕ್ಕೆ ಗುರಿಯಾಯಿತು. ಆ ಹಿರಿಯರ ಕಳಕಳಿಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಯಾವ ಪುಸ್ತಕ ಕೆಡಿಸುತ್ತದೆ ಎಂಬ ತೀರ್ಮಾನ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ಜಾರುತ್ತದೆ ನೋಡಿ. ಇಂದು 'ಮಿರಾತುಲ್ ಉರೂಸ್' ಉರ್ದುವಿನ ಗೌರವಾನ್ವಿತ ಕೃತಿ.

ಕನ್ನಡದಲ್ಲಿ ಈ ಗದರಿಕೆ ವಿಮರ್ಶೆಯ ರೂಪದಲ್ಲಿ ಬಂತು. ನವ್ಯದ ಕಾಲದಲ್ಲಿ 'ಜನಪ್ರಿಯ' ಎಂಬುದು ಬೈಗುಳಕ್ಕೆ ಸಮೀಪದ ಪದವಾಯಿತು. ಹೆಂಗಸರು ಓದುವ ಕಾದಂಬರಿಗಳಿಗೆ 'ಅಡುಗೆಮನೆ ಸಾಹಿತ್ಯ' ಎಂಬ ಹಣೆಪಟ್ಟಿ ಅಂಟಿತು. ಈ ಗೋಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನಡೆದವರು ಪೂರ್ಣಚಂದ್ರ ತೇಜಸ್ವಿ. ಕೆನೆತ್ ಆಂಡರ್ಸನ್‌ನ ಶಿಕಾರಿ ಕಥೆಗಳನ್ನು ಅವರು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದರು. ಆಂಡರ್ಸನ್ ಬೆಂಗಳೂರಿನವನೇ, 1974ರಲ್ಲಿ ತೀರಿಕೊಂಡ. ಮಾಗಡಿಯ ಚಿರತೆ, ಜಾಲಹಳ್ಳಿಯ ಕುರ್ಕ ಎಂದು ಓದುವಾಗ ನಮ್ಮ ಬಡಾವಣೆಗಳ ಸುತ್ತ ಕಾಡು ಎಷ್ಟು ಹತ್ತಿರವಿತ್ತು ಎಂಬುದು ತಿಳಿದು ಮೈ ಜುಮ್ಮೆನ್ನುತ್ತದೆ. 1985ರ 'ಚಿದಂಬರ ರಹಸ್ಯ'ವಂತೂ ಹೊರನೋಟಕ್ಕೆ ಪತ್ತೇದಾರಿ ಕಾದಂಬರಿಯೇ. ಏಲಕ್ಕಿ ಬೆಳೆ ಕುಸಿದದ್ದೇಕೆ ಎಂದು ತನಿಖೆ ಮಾಡಲು ಗುಪ್ತಚರ ಅಧಿಕಾರಿ ಅಂಗಾಡಿ ಕೆಸರೂರಿಗೆ ಬರುತ್ತಾನೆ. ಓದುತ್ತಾ ಹೋದಂತೆ ಅಪರಾಧಿ ಒಬ್ಬನಲ್ಲ, ಇಡೀ ಊರನ್ನು ಒಳಗೊಳಗೇ ಸುಡುತ್ತಿರುವ ದ್ವೇಷ ಎಂಬುದು ಕಾಣುತ್ತದೆ. ರಫಿ ಮತ್ತು ಜಯಂತಿಯ ಪ್ರೀತಿಯ ಸುತ್ತ ಹಬ್ಬುವ ಗುಮಾನಿ, ಕೊನೆಗೆ ಊರನ್ನು ಮುತ್ತುವ ಬೆಂಕಿ, ಇವನ್ನೆಲ್ಲ ತೇಜಸ್ವಿ ಪತ್ತೇದಾರಿ ಕಥೆಯ ಸಕ್ಕರೆಯಲ್ಲಿ ಸುತ್ತಿ ಕೊಟ್ಟರು. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೋಮು ಸೌಹಾರ್ದದ ಮೇಲೆ ನಡೆದ ಎಷ್ಟೋ ವಿಚಾರ ಸಂಕಿರಣಗಳನ್ನು ಮರೆತವರೂ ಕೆಸರೂರನ್ನು ಮರೆತಿಲ್ಲ. ನಂತರ ಬಂದ 'ಜುಗಾರಿ ಕ್ರಾಸ್' ಕಾಲೇಜು ಹುಡುಗರ ಕೈಯಲ್ಲಿ ಇಂದಿಗೂ ಕಾಣುವ ಪುಸ್ತಕ.

ಉರ್ದುವಿನಲ್ಲೂ ಗೋಡೆ ಒಡೆದವರಿದ್ದಾರೆ. ಶಂಸುರ್ ರಹಮಾನ್ ಫಾರೂಕಿ ನಮ್ಮ ಕಾಲದ ದೊಡ್ಡ ಉರ್ದು ವಿಮರ್ಶಕರು. ಅಮೀರ್ ಹಂಝಾನ 46 ಸಂಪುಟಗಳ ದಾಸ್ತಾನನ್ನು ಗಂಭೀರ ಅಧ್ಯಯನದ ವಿಷಯವಾಗಿಸಿದವರು ಅವರು. 2011ರಲ್ಲಿ ಇಬ್ನೆ ಸಫಿಯ ನಾಲ್ಕು ಕಾದಂಬರಿಗಳು ಇಂಗ್ಲಿಷಿನಲ್ಲಿ ಚೆನ್ನೈಯಿಂದ ಪ್ರಕಟವಾದಾಗ ಅನುವಾದಕರ ಸ್ಥಾನದಲ್ಲಿ ಇದ್ದದ್ದು ಇದೇ ಫಾರೂಕಿ.

ಬಾಡಿಗೆ ಲೈಬ್ರರಿಗಳು 1990ರ ದಶಕದಿಂದ ಒಂದೊಂದಾಗಿ ಬಾಗಿಲು ಹಾಕಿದವು. 1994ರಲ್ಲಿ ಉದಯ ಟಿ.ವಿ. ಬಂತು, ಸಂಜೆಯ ಕಥೆ ಪುಕ್ಕಟೆಯಾಗಿ ಮನೆಗೆ ಬರತೊಡಗಿತು. ಮಳಿಗೆಯ ಬಾಡಿಗೆ ಏರಿತು. ಜಯನಗರದಲ್ಲಿ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದ ಜಾಗದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಆದರೆ ಕಥೆಯ ಹಸಿವು ಹೋಗಿಲ್ಲ. ರವಿ ಬೆಳಗೆರೆ (ನಿಧನ 2020) ಪದ್ಮನಾಭನಗರದಲ್ಲಿ ಕುಳಿತು ಅಪರಾಧ, ಮಾಟ-ಮಂತ್ರ, ಭೂಗತ ಲೋಕಗಳ ಕಥೆ ಹೇಳಿದಾಗ ಜನ ಮುಗಿಬಿದ್ದು ಓದಿದರು. ಅವರ ಪತ್ರಿಕೆಯ ಬಗೆಗಿನ ಆಕ್ಷೇಪಗಳು ಬೇರೆ ಮಾತು. ಬೆಂಗಳೂರಿನಲ್ಲಿಯೇ 2014ರಲ್ಲಿ ಆರಂಭವಾದ 'ಪ್ರತಿಲಿಪಿ'ಯಲ್ಲಿ ಕನ್ನಡದ ಪತ್ತೇದಾರಿ, ದೆವ್ವ, ಪ್ರೇಮ ಕಥೆಗಳು ಕಂತು ಕಂತಾಗಿ ಹರಿಯುತ್ತಿವೆ. ಬರೆಯುವವರಲ್ಲಿ ಗೃಹಿಣಿಯರು ಬಹಳ. ಮೆಟ್ರೋದಲ್ಲಿ ಮೊಬೈಲಿನ ಮೇಲೆ ಬಾಗಿದವರೆಲ್ಲ ರೀಲ್ಸ್ ನೋಡುತ್ತಿದ್ದಾರೆ ಎಂದು ಭಾವಿಸುವುದು ಬೇಡ.

ಹಾಗಿದ್ದರೂ ಕಾಗದದ ಪುಸ್ತಕ ಮಕ್ಕಳ ಕೈಗೆ ಸಿಗಬೇಕಾದ ಜಾಗವೊಂದಿದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಗರದಲ್ಲಿ ಆಸ್ತಿ ತೆರಿಗೆ ಕಟ್ಟುವವರೆಲ್ಲ ಅದರ ಜೊತೆಗೆ ಶೇಕಡ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ತಿಲಕ್‌ನಗರದವರೂ ಕಟ್ಟುತ್ತಾರೆ, ಜೆ.ಪಿ. ನಗರದವರೂ ಕಟ್ಟುತ್ತಾರೆ. ಬಡಾವಣೆಗಳ ಶಾಖಾ ಗ್ರಂಥಾಲಯಗಳಲ್ಲಿ ಬೆಳಿಗ್ಗೆ ಪತ್ರಿಕೆ ಓದುವ ನಿವೃತ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತ ಯುವಕರು ಕಾಣುತ್ತಾರೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಬಂದು ಒಂದು ಒಳ್ಳೆಯ ದೆವ್ವದ ಕಥೆ ಕೊಡಿ ಎಂದು ಕೇಳುವುದು ಅಪರೂಪ. ಕೇಳಿದರೆ ಸಿಗುವುದು ಹೆಚ್ಚಾಗಿ ಮಹನೀಯರ ಜೀವನ ಚರಿತ್ರೆ. ಜೀವನ ಚರಿತ್ರೆ ಒಳ್ಳೆಯದೇ, ಆದರೆ ಅವಳು ಕೇಳಿದ್ದು ದೆವ್ವವನ್ನು.

ಹಳೆಯ ಬಾಡಿಗೆ ಲೈಬ್ರರಿಯವರು ಇಂಥ ಹುಡುಗಿಗೆ ಏನು ಮಾಡುತ್ತಿದ್ದರೆಂದು ನಮ್ಮ ಗುರಪ್ಪನಪಾಳ್ಯದ ಗೆಳೆಯರೊಬ್ಬರು ಹೇಳುತ್ತಿರುತ್ತಾರೆ. ದೆವ್ವದ ಪುಸ್ತಕವನ್ನೇ ಕೊಡುತ್ತಿದ್ದರು, ಲೆಡ್ಜರಿನಲ್ಲಿ ಅಪ್ಪನ ಸದಸ್ಯತ್ವ ಸಂಖ್ಯೆ ಬರೆದುಕೊಳ್ಳುತ್ತಿದ್ದರು, "ರಾತ್ರಿ ಓದಬೇಡ ಮಗಾ, ಹೆದರ್ಕೋತೀಯ" ಎನ್ನುತ್ತಿದ್ದರು. ಹಾಗೆ ಹೇಳಿದ ಮೇಲೆ ಅವಳು ರಾತ್ರಿಯೇ ಓದುತ್ತಿದ್ದಳು.